ಪ್ಯಾಂಟಿನ ನಂಬರ್ ನಂಬಬೇಡಿ, ಹೊಟ್ಟೆ ಅಳೆಯಿರಿ

ಕಾರವಾರದಲ್ಲಿ ಹೊಲಿಗೆ ಅಂಗಡಿ ಇಟ್ಟು 26 ವರ್ಷವಾಯಿತು. ಮೂರು ವರ್ಷದ ಹಿಂದೆ ಒಂದು ಮದುವೆ ಶರ್ಟಿಗೆ ಎರಡೂ ತೋಳು ಎಡಗೈದೇ ಕತ್ತರಿಸಿಬಿಟ್ಟೆ. ಊಟ ಮುಗಿಸಿ ಬಂದು ಕೂತ ಹೊತ್ತು. ಬಟ್ಟೆಯ ದುಡ್ಡು ನಾನೇ ಕೊಟ್ಟೆ. ಅದಕ್ಕೂ ಮೊದಲೇ ಉದ್ದ, ಸೊಂಟ, ಸೀಟು, ತೊಡೆ, ಬಾಟಮ್ ಅಂತ ಐದು ಅಳತೆ ತಲೆಯಲ್ಲಿ ನಿಲ್ಲುವುದು ಬಿಟ್ಟಿತ್ತು. ಮೂರನೆಯದಕ್ಕೇ ಪುಸ್ತಕ ಹುಡುಕುತ್ತಿದ್ದೆ.

ಈ ಮರೆವು ಹೇಳಿಕೊಂಡು ಹೋದರೆ ಡಾಕ್ಟರು ಸೊಂಟ ಎಷ್ಟು ಅಂದರು. 36 ಅಂದೆ. ಅವರು ಟೇಪ್ ಸುತ್ತಿದರು, 41! ದರ್ಜಿಯ ಮಾನ ಹೋಯಿತು.

ನಾವು ಪ್ಯಾಂಟು ಕಟ್ಟುವುದು ಹೊಟ್ಟೆಯ ಕೆಳಗೆ, ಅಲ್ವಾ? ಆ ನಂಬರ್ ಇಲ್ಲಿ ಲೆಕ್ಕಕ್ಕಿಲ್ಲ. ಅಂಗಿ ಎತ್ತಿ. ಕೊನೆಯ ಪಕ್ಕೆಲುಬು ಮುಟ್ಟಿ ನೋಡಿ, ಸೊಂಟದ ಮೂಳೆಯ ಮೇಲಂಚು ಮುಟ್ಟಿ ನೋಡಿ. ಎರಡರ ನಟ್ಟನಡುವೆ ಟೇಪ್ ಬರಬೇಕು. ಬೆನ್ನಿನ ಕಡೆ ಇಳಿದಿದೆಯಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಿ. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಆ ಕಳ್ಳಾಟ ನಾನು ದಿನಾ ನೋಡುತ್ತೇನೆ. ಹೊಲಿಗೆಗೆ ಬಿಡುವ ಲೂಸೂ ಬೇಡ. ಟೇಪ್ ಹಳೆಯದಾದರೆ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು ನೋಡಿ. ಜಗ್ಗಿದ ಟೇಪ್ ಎಲ್ಲರನ್ನೂ ತೆಳ್ಳಗೆ ತೋರಿಸುತ್ತದೆ.

ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚಿನ ಹತ್ತಿರ. ಹೆಂಗಸರಿಗೆ 80. ದಾಟಿದರೆ ಎಚ್ಚರ.

ಹೊಟ್ಟೆಗೂ ತಲೆಗೂ ಏನು ಸಂಬಂಧ? ಕರುಳು, ಲಿವರ್ ಸುತ್ತ ಕೂತ ಕೊಬ್ಬು ಸುಮ್ನೆ ಕೂರುವುದಿಲ್ಲ. ಉರಿಯೂತ ತರುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಕೆಲಸ ಕೆಡಿಸುತ್ತದೆ, ರಕ್ತನಾಳಗಳಿಗೂ ತೊಂದರೆ. ಮೆದುಳು ದೇಹದ ತೂಕದಲ್ಲಿ ಸುಮಾರು ನೂರಕ್ಕೆ 2 ಪಾಲು, ಆದರೆ ಶಕ್ತಿ ತಿನ್ನುವುದು 20 ಪಾಲು. ಪೂರೈಕೆ ಏರುಪೇರಾದರೆ ಅದಕ್ಕೇ ಮೊದಲು ಗೊತ್ತಾಗುತ್ತದೆ. ನಡುವಯಸ್ಸಿನ ಬೊಜ್ಜಿನಿಂದ ಮುಂದೆ ಮರೆವಿನ ಕಾಯಿಲೆಯ ಅಪಾಯವೂ ಜಾಸ್ತಿ. ಹಾಗಂತ ದಪ್ಪಗಿರುವವರು ದಡ್ಡರಲ್ಲ. ನನ್ನ ಗುರುಗಳಿಗೆ ದೊಡ್ಡ ಹೊಟ್ಟೆ, ಸೀಮೆಸುಣ್ಣದ ಗೆರೆಯಿಲ್ಲದೆ ಜುಬ್ಬಾ ಕತ್ತರಿಸುತ್ತಿದ್ದರು.

ನನ್ನ ವಿಷಯದಲ್ಲಿ ಗೊರಕೆಯೇ ದೊಡ್ಡ ಕಳ್ಳ. ನಿದ್ದೆಯಲ್ಲಿ ಉಸಿರು ಕಟ್ಟುತ್ತಿತ್ತು, ಹಗಲೆಲ್ಲ ಮಂಪರು. ನಿಮಗೂ ಹಾಗಿದ್ದರೆ ಮೊದಲು ಅದನ್ನು ತೋರಿಸಿ, ಡಯಟ್ ಆಮೇಲೆ.

ಉಳಿದದ್ದು ಸಣ್ಣ ಸಣ್ಣದು. ಅನ್ನ ಒಂದು ಸೌಟು ಕಡಿಮೆ. ತಾರ್ಲೆ (ಭೂತಾಯಿ), ಬಂಗಡೆ ಮೀನು ಬಿಡಬೇಡಿ, ಅದರ ಒಮೆಗಾ-3 ಕೊಬ್ಬು ಮೆದುಳಿಗೆ ಬೇಕಾದದ್ದೇ. ಫ್ರೈ ಬದಲು ಸಾರು ಮಾಡಿ. ಊಟವಾದ ಮೇಲೆ 15 ನಿಮಿಷ ನಡೆಯಿರಿ, ರಕ್ತದ ಸಕ್ಕರೆ ಒಮ್ಮೆಲೇ ಏರುವುದಿಲ್ಲ. ಸಂಜೆ ನಾನು ಟಾಗೋರ್ ಬೀಚಿನಲ್ಲಿ ಒದ್ದೆ ಮರಳ ಮೇಲೆ ನಡೆಯುತ್ತೇನೆ. ತಿಂಗಳಿಗೊಮ್ಮೆ, ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಅಳೆಯಿರಿ.

ಈಗ ನನ್ನ ಹೊಟ್ಟೆ 37 ಇಂಚು. ಐದೂ ಅಳತೆ ತಲೆಯಲ್ಲಿ ನಿಲ್ಲುತ್ತವೆ, ಅದರಲ್ಲಿ ನಿದ್ದೆಯ ಪಾಲೇ ಜಾಸ್ತಿ ಅನ್ನಿಸುತ್ತದೆ. ಆದರೂ ಮಧ್ಯಾಹ್ನ ಕಾಜಾ, ಬಟನ್ ಕೆಲಸ ಮಾತ್ರ. ಕತ್ತರಿ ಬೆಳಿಗ್ಗೆಯೇ ಹಿಡಿಯುವುದು.