ಟಾಮ್‌ಕ್ಯಾಟನ್ನು ಸಿಸ್ಟಮ್‌ಡಿ ಕೈಗೆ ಒಪ್ಪಿಸಿದ್ದು: ನನ್ನ ಅನುಭವ

ನಮ್ಮ ಜಾವಾ ಅಪ್ಲಿಕೇಶನ್ ಓಡುವುದು ಟಾಮ್‌ಕ್ಯಾಟ್ ಮೇಲೆ, ಅಂದರೆ ಜಾವಾ ವೆಬ್ ಅಪ್ಲಿಕೇಶನ್ ಓಡಿಸುವ ಸರ್ವರ್ ಸಾಫ್ಟ್‌ವೇರ್ ಮೇಲೆ. ಮೊದಲೆಲ್ಲ ಸರ್ವರ್ ರೀಬೂಟ್ ಆದರೆ ಯಾರಾದರೂ ಲಾಗಿನ್ ಆಗಿ ಸ್ಟಾರ್ಟಪ್ ಸ್ಕ್ರಿಪ್ಟ್ ಓಡಿಸಬೇಕಿತ್ತು. ಅದು ಸಾಕಾಗಿ ಹೋಗಿ, ಟಾಮ್‌ಕ್ಯಾಟನ್ನು ಸಿಸ್ಟಮ್‌ಡಿ ಸರ್ವಿಸ್ ಮಾಡಿಬಿಟ್ಟೆ. ಸಿಸ್ಟಮ್‌ಡಿ ಅಂದರೆ ಲಿನಕ್ಸ್‌ನಲ್ಲಿ ಹಿನ್ನೆಲೆಯ ಪ್ರೋಗ್ರಾಮುಗಳನ್ನು ಶುರು ಮಾಡಿ, ನಿಲ್ಲಿಸಿ ನೋಡಿಕೊಳ್ಳುವ ವ್ಯವಸ್ಥೆ.

ಮೊದಲು ಯೂಸರ್ ವಿಷಯ. ಟಾಮ್‌ಕ್ಯಾಟ್ ಕೂರುವುದು 8080 ಪೋರ್ಟಿನಲ್ಲಿ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಹಕ್ಕು ಬೇಕಾಗುವುದು 1024ಕ್ಕಿಂತ ಕೆಳಗಿನ ಪೋರ್ಟುಗಳಿಗೆ, ಅದನ್ನು ಮುಂದೆ ನಿಂತ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ನೋಡಿಕೊಳ್ಳುತ್ತದೆ. ಹಾಗಾಗಿ ಲಾಗಿನ್ ಶೆಲ್ ಇಲ್ಲದ ಬೇರೆ ಯೂಸರ್ ಮಾಡಿದೆ. ಲಾಗ್ಸ್, ಟೆಂಪ್, ವರ್ಕ್, ವೆಬ್‌ಆ್ಯಪ್ಸ್ ಫೋಲ್ಡರುಗಳಲ್ಲಿ ಮಾತ್ರ ಅದು ಬರೆಯಬಹುದು.

ಇನ್ನು ಯೂನಿಟ್ ಫೈಲ್, ಅಂದರೆ ಸರ್ವಿಸ್ ಹೇಗೆ ಓಡಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲ್. ಇಲ್ಲಿ ನನ್ನದು ಸ್ವಲ್ಪ ಹಟ ಅಂತಲೇ ಅಂದುಕೊಳ್ಳಿ. ಜಾಸ್ತಿ ಜನ ಟೈಪ್ ಜಾಗದಲ್ಲಿ ಫೋರ್ಕಿಂಗ್ ಅಂತ ಬರೆದು ಸ್ಟಾರ್ಟಪ್ ಸ್ಕ್ರಿಪ್ಟನ್ನೇ ಕರೆಯುತ್ತಾರೆ. ಆ ಸ್ಕ್ರಿಪ್ಟ್ ಜಾವಾವನ್ನು ಹಿನ್ನೆಲೆಗೆ ತಳ್ಳಿ ತಾನು ಎದ್ದು ಹೋಗುತ್ತದೆ. ಆಮೇಲೆ ಪಿಐಡಿ (ಪ್ರೊಸೆಸ್‌ನ ನಂಬರ್) ಬರೆದಿಟ್ಟ ಫೈಲ್ ಓದಿ, ತನ್ನ ಪ್ರೊಸೆಸ್ ಯಾವುದು ಅಂತ ಸಿಸ್ಟಮ್‌ಡಿ ಹುಡುಕಬೇಕು. ನಾನು ಟೈಪ್ ಸಿಂಪಲ್ ಇಟ್ಟು, ಟಾಮ್‌ಕ್ಯಾಟಿನದೇ ಕ್ಯಾಟಲಿನಾ ಸ್ಕ್ರಿಪ್ಟನ್ನು 'ರನ್' ಅಂತ ಕರೆಸಿದೆ. ಆಗ ಶೆಲ್ ಇದ್ದ ಜಾಗಕ್ಕೇ ಜಾವಾ ಬಂದು ಕೂರುತ್ತದೆ. ಸಿಸ್ಟಮ್‌ಡಿ ಹಿಡಿದಿರುವುದು ನೇರವಾಗಿ ಜಾವಾವನ್ನೇ, ಪಿಐಡಿ ಫೈಲಿನ ಗೊಡವೆಯೇ ಇಲ್ಲ. ಇನ್ನೊಂದು ಲಾಭ: ಸುಮ್ನೆ ಬೆಳೆಯುತ್ತಲೇ ಹೋಗುವ ಕ್ಯಾಟಲಿನಾ ಡಾಟ್ ಔಟ್ ಎಂಬ ಲಾಗ್ ಫೈಲ್ ಹುಟ್ಟುವುದೇ ಇಲ್ಲ. ಕನ್ಸೋಲಿಗೆ ಬರುವುದೆಲ್ಲ ಸಿಸ್ಟಮ್‌ಡಿಯ ಲಾಗ್ ಆದ ಜರ್ನಲ್‌ಗೆ ಹೋಗುತ್ತದೆ.

ಕೈಯಿಂದ ಶುರು ಮಾಡಿದರೆ ಓಡುತ್ತದೆ, ಸರ್ವಿಸ್ ಆದರೆ ಓಡುವುದಿಲ್ಲ. ಹೀಗೆ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಎನ್ವಿರಾನ್‌ಮೆಂಟ್ (ಪ್ರೋಗ್ರಾಮಿಗೆ ಹೊರಗಿನಿಂದ ಸಿಗುವ ಸೆಟ್ಟಿಂಗ್ಸ್) ಬಗ್ಗೆ. ಲಾಗಿನ್ ಆದಾಗ ಓಡುವ ನಿಮ್ಮ ಬ್ಯಾಷ್ ಪ್ರೊಫೈಲನ್ನು ಸಿಸ್ಟಮ್‌ಡಿ ಓದುವುದಿಲ್ಲ, ಜಾವಾ ಹೋಮ್ (ಜಾವಾ ಇನ್‌ಸ್ಟಾಲ್ ಆದ ಫೋಲ್ಡರ್) ಎಲ್ಲಿದೆ ಅಂತ ಅದಕ್ಕೆ ನಾವೇ ಹೇಳಬೇಕು. ಇವನ್ನೆಲ್ಲ ಬೇರೆ ಫೈಲಿನಲ್ಲಿ ಇಟ್ಟು ಎನ್ವಿರಾನ್‌ಮೆಂಟ್‌ಫೈಲ್ ಸಾಲಿನಿಂದ ತೋರಿಸಿದೆ. ಅದು ಶೆಲ್ ಸ್ಕ್ರಿಪ್ಟ್ ಅಲ್ಲ, ಡಾಲರ್ ಚಿಹ್ನೆ ಹಾಕಿ ಬರೆದ ವೇರಿಯಬಲ್ ಬಿಡಿಸಿಕೊಳ್ಳುವುದಿಲ್ಲ. ಆದರೆ ಪಾಸ್‌ವರ್ಡ್ ಇಡಲು ಇದೇ ವಾಸಿ. ಯೂನಿಟ್ ಫೈಲಿನಲ್ಲೇ ಬರೆದರೆ ಮೆಷಿನ್‌ನಲ್ಲಿರುವ ಯಾರು ಬೇಕಾದರೂ ಸಿಸ್ಟಮ್‌ಸಿಟಿಎಲ್ ಶೋ ಕಮಾಂಡ್ ಕೊಟ್ಟು ನೋಡಬಹುದು. ಈ ಬೇರೆ ಫೈಲಿಗೆ 600 ಪರ್ಮಿಷನ್ (ಮಾಲೀಕ ಮಾತ್ರ ಓದಿ ಬರೆಯಬಹುದು) ಕೊಟ್ಟು ರೂಟ್ ಹೆಸರಿಗೆ ಇಟ್ಟರೆ ಸಾಕು.

ನಿಲ್ಲಿಸುವ ಕಡೆಯೂ ಒಂದು ತಮಾಷೆ ಇದೆ. ಸ್ಟಾಪ್ ಕೊಟ್ಟಾಗ ಸಿಸ್ಟಮ್‌ಡಿ ಸಿಗ್‌ಟರ್ಮ್ (ನಿಲ್ಲು ಅನ್ನುವ ಸಿಗ್ನಲ್) ಕಳಿಸುತ್ತದೆ, ಜಾವಾ ಅಚ್ಚುಕಟ್ಟಾಗಿ ಮುಚ್ಚಿಕೊಂಡು 143 ಅಂತ ಎಕ್ಸಿಟ್ ಕೋಡ್ ಹೇಳಿ ಹೋಗುತ್ತದೆ. 128ಕ್ಕೆ ಸಿಗ್ನಲ್ ನಂಬರ್ 15 ಸೇರಿ 143. ಸೊನ್ನೆ ಬರಲಿಲ್ಲವಲ್ಲ ಅಂತ ಸಿಸ್ಟಮ್‌ಡಿ ಅದನ್ನು 'ಫೇಲ್ಡ್' ಅಂತ ಕೆಂಪಗೆ ತೋರಿಸುತ್ತದೆ. ಸಕ್ಸೆಸ್‌ಎಕ್ಸಿಟ್‌ಸ್ಟೇಟಸ್ 143 ಅಂತ ಒಂದು ಸಾಲು ಸೇರಿಸಿದೆ, ಮುಗಿಯಿತು. ಹೇಗೂ ಸಿಗ್ನಲ್‌ನಿಂದಲೇ ನಿಲ್ಲುತ್ತದೆ, ಇನ್ನು 8005ರ ಶಟ್‌ಡೌನ್ ಪೋರ್ಟ್ ಯಾಕೆ? ಟಾಮ್‌ಕ್ಯಾಟಿನ ಸರ್ವರ್ ಎಕ್ಸ್‌ಎಂಎಲ್ ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು -1 ಮಾಡಿ ಮುಚ್ಚಿದೆ.

ಬಿದ್ದರೆ ತಾನೇ ಮತ್ತೆ ಏಳಲಿ ಅಂತ ರೀಸ್ಟಾರ್ಟ್ ಆನ್-ಫೇಲ್ಯೂರ್ ಇಟ್ಟೆ, ನಡುವೆ 10 ಸೆಕೆಂಡ್ ಬಿಡುವು. ಸುಮ್ಮನೆ ಬಿಟ್ಟರೆ ಬಿಡುವು 100 ಮಿಲಿಸೆಕೆಂಡ್ ಅಷ್ಟೇ, 10 ಸೆಕೆಂಡಿನೊಳಗೆ 5 ಸಲ ಶುರುವಾಗಿ ಬಿದ್ದರೆ ಸಿಸ್ಟಮ್‌ಡಿ ಕೈ ಚೆಲ್ಲುತ್ತದೆ. ಡೇಟಾಬೇಸ್ ಏಳಲು ಅಷ್ಟು ಹೊತ್ತು ಸಾಲದು, ಅಲ್ವಾ? ಆಮೇಲೆ ಡೀಮನ್-ರೀಲೋಡ್ (ಯೂನಿಟ್ ಫೈಲನ್ನು ಸಿಸ್ಟಮ್‌ಡಿಗೆ ಮತ್ತೆ ಓದಿಸಲು), ಎನೇಬಲ್, ಸ್ಟಾರ್ಟ್. ಎನೇಬಲ್ ಅನ್ನುವುದು ಮುಂದಿನ ಬೂಟ್‌ಗೆ, ಈಗಲೇ ಓಡಿಸುವುದು ಸ್ಟಾರ್ಟ್.

ಇಷ್ಟಾದರೂ ಒಂದು ತೂತು ಉಳಿಯುತ್ತದೆ. ಅಪ್ಲಿಕೇಶನ್ ಡಿಪ್ಲಾಯ್ ಆಗದೆ ಹೋದರೂ ಟಾಮ್‌ಕ್ಯಾಟ್ ಸಾಯುವುದಿಲ್ಲ. ಸ್ಟೇಟಸ್ ಹಸಿರು, ಬ್ರೌಸರಿನಲ್ಲಿ 404. ಹಾಗಾಗಿ ಶುರುವಾದ ಮೇಲೆ ಓಡುವ ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್ ಸಾಲಿನಲ್ಲಿ ಕರ್ಲ್ (ವೆಬ್ ಪುಟ ತರಿಸುವ ಕಮಾಂಡ್) ಇಟ್ಟು, ಅಪ್ಲಿಕೇಶನ್ ಸರಿಯಿದೆಯೇ ಅಂತ ತಿಳಿಸುವ ಹೆಲ್ತ್ ಪುಟವನ್ನು ಕೇಳಿಸುತ್ತೇನೆ. ಪೋರ್ಟ್ ಇನ್ನೂ ತೆರೆದಿಲ್ಲದಿದ್ದರೆ ಮತ್ತೆ ಕೇಳು, 404 ಬಂದರೆ ಸೋತೆ ಅನ್ನು ಅಂತ ಅದಕ್ಕೆ ಆಪ್ಷನ್ ಕೊಟ್ಟಿದ್ದೇನೆ. ಇದಕ್ಕೂ ಸೇರಿ ಶುರುವಾಗಲು ಸಿಗುವುದು ಸಾಮಾನ್ಯವಾಗಿ 90 ಸೆಕೆಂಡ್. ನಮ್ಮದು ನಿಧಾನದ ಅಪ್ಲಿಕೇಶನ್, ಟೈಮ್‌ಔಟ್‌ಸ್ಟಾರ್ಟ್‌ಸೆಕ್ ಜಾಸ್ತಿ ಮಾಡಿಕೊಂಡೆ. ಈಗ ಕೆಟ್ಟ ಬಿಲ್ಡ್ ಹೋದರೆ ಸ್ಟಾರ್ಟ್ ಕಮಾಂಡೇ ಎರರ್ ಕೊಡುತ್ತದೆ, ಡಿಪ್ಲಾಯ್ ಸ್ಕ್ರಿಪ್ಟ್ ಅಲ್ಲಿಗೇ ನಿಲ್ಲುತ್ತದೆ.