ಪುಟಾಣಿಗಳ ಜೊತೆ ತರಕಾರಿ ಕೀಳಲು ಹೊರಡುವ ಮುನ್ನ

ಮೂರರಿಂದ ಐದು ವರ್ಷದ ಮಕ್ಕಳನ್ನು ತರಕಾರಿ ಗದ್ದೆಗೆ ಕರೆದೊಯ್ಯಲು ಕೊಡಗಿನಲ್ಲಿ ಹೇಳಿ ಮಾಡಿಸಿದ ಕಾಲ ಜನವರಿ ಕೊನೆಯಿಂದ ಮಾರ್ಚ್ ಮೊದಲ ವಾರದವರೆಗೆ. ಸುಗ್ಗಿ ಹಬ್ಬವಾದ ಹುತ್ತರಿ ಕಳೆದು ಭತ್ತ ಕೊಯ್ದ ಮೇಲೆ, ನೀರಿನ ಅನುಕೂಲ ಇರುವವರು ಗದ್ದೆಯಲ್ಲಿ ಬೀನ್ಸ್, ಮೂಲಂಗಿ, ಸೌತೆ ಹಾಕುತ್ತಾರೆ. ಮೂಲಂಗಿ ನಲವತ್ತು ದಿನಕ್ಕೆ, ಬೀನ್ಸ್ ಐವತ್ತರ ಆಸುಪಾಸಿಗೆ ಕೀಳಲು ಬರುತ್ತದೆ. ಗೆಣಸು ಬೇಕೆಂದರೆ ಅಕ್ಟೋಬರ್‌ನಲ್ಲೇ ಬಳ್ಳಿ ನೆಟ್ಟವರನ್ನು ಹುಡುಕಬೇಕು. ಅದಕ್ಕೆ ನಾಲ್ಕು ತಿಂಗಳು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಯೋಚನೆಯೇ ಬೇಡ. ಮಳೆ, ಕೆಸರು, ಜಿಗಣೆಗಳ ನಡುವೆ ಇಪ್ಪತ್ತು ಮಕ್ಕಳನ್ನು ಸಂಭಾಳಿಸಲು ಆಗದು.

ಮೂರು ಬೆಳೆ ಸಾಕು. ಏಳೆಂಟು ಬಗೆ ತೋರಿಸುವ ಆಸೆಯಲ್ಲಿ ಮಕ್ಕಳು ಬರೀ ನಡೆದೇ ಸುಸ್ತಾಗುತ್ತಾರೆ. ಪುಟ್ಟ ಕೈಗೆ ಒಗ್ಗುವುದು ಮೂಲಂಗಿ, ಗೆಣಸು, ಟೊಮೆಟೊ. ಬೀನ್ಸ್ ನಾಲ್ಕು ದಾಟಿದವರಿಗೆ ಕೊಡಿ. ಮೆಣಸಿನಕಾಯಿ ಮುಟ್ಟಿದ ಕೈ ಸೀದಾ ಕಣ್ಣಿಗೆ ಹೋಗುತ್ತದೆ. ಬದನೆಯ ತೊಟ್ಟಿನಲ್ಲಿ ಮುಳ್ಳು, ಬೆಂಡೆಯ ಸುಂಕಿಗೆ ತುರಿಕೆ, ಕೆಸುವಿನ ರಸ ತಗುಲಿದರೂ ತುರಿಕೆ. ಇವನ್ನೆಲ್ಲ ದೂರದಿಂದ ತೋರಿಸಿದರೆ ಸಾಕು.

ಒಂದು ವಾರ ಮೊದಲು ಒಬ್ಬರು ಹೋಗಿ ಜಾಗ ನೋಡಿ ಬರಲೇಬೇಕು. ಮೊದಲು ನೋಡಬೇಕಾದ್ದು ಬೆಳೆಯನ್ನಲ್ಲ, ಕೆರೆಯನ್ನು. ಕಾಫಿಗೆ ನೀರು ಹಾಯಿಸಲು ತೋಡಿದ ಕೆರೆಗಳಿಗೆ ಹೆಚ್ಚಿನ ಕಡೆ ಬೇಲಿಯಿಲ್ಲ, ಅಂಚು ಕಡಿದಾಗಿ ಇಳಿದಿರುತ್ತದೆ. ಅಂಥ ಕೆರೆ ಹತ್ತಿರವಿದ್ದರೆ ಬೇರೆ ಗದ್ದೆ ಹುಡುಕಿ. 'ಒಬ್ಬರನ್ನು ಕಾವಲಿಗೆ ನಿಲ್ಲಿಸಿದರಾಯಿತು' ಎಂಬ ಲೆಕ್ಕ ಬೇಡ. ಔಷಧಿ ಹೊಡೆದದ್ದು ಯಾವತ್ತು, ಯಾವುದು ಎಂದು ಕೇಳಿ. ಎಷ್ಟು ದಿನ ಬಿಟ್ಟು ಕೊಯ್ಯಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಪಕ್ಕದ ಗದ್ದೆಯವರು ಅಂದು ಹೊಡೆಯುತ್ತಾರೆಯೇ ಎಂದೂ ವಿಚಾರಿಸಿ, ಗಾಳಿಗೆ ಗಡಿಯಿಲ್ಲ. ಕಾಡಂಚಿನ ಊರಾದರೆ ಹಿಂದಿನ ರಾತ್ರಿ ಮತ್ತು ಹೊರಡುವ ಮುನ್ನ ಆನೆ ಸುದ್ದಿ ಕೇಳಿ. ಸೋಲಾರ್ ಬೇಲಿಯನ್ನು ಯಜಮಾನರೇ ಆಫ್ ಮಾಡಿರಬೇಕು.

ಈ ಪ್ರವಾಸ ಗೆಲ್ಲುವುದು ಸೋಲುವುದು ಹಿಂದಿನ ಸಂಜೆಯ ಕೆಲಸದಲ್ಲಿ. ಗಟ್ಟಿ ಮಣ್ಣಿನಲ್ಲಿ ಮೂಲಂಗಿ ಎಳೆದರೆ ಸೊಪ್ಪು ಕೈಗೆ ಬರುತ್ತದೆ, ಗೆಡ್ಡೆ ನೆಲದಲ್ಲೇ ಉಳಿಯುತ್ತದೆ, ಮಗು ಅಳುತ್ತದೆ. ಅದಕ್ಕೇ ಮಕ್ಕಳಿಗೆಂದು ಗುರುತಿಸಿದ ಸಾಲಿಗೆ ಸಂಜೆ ನೀರು ಹಾಯಿಸಲು ಹೇಳಿ. ಗೆಣಸಿನ ಸಾಲಿನಲ್ಲಿ ಬಳ್ಳಿ ಕೊಯ್ದು ತೆಗೆದು, ಬುಡದಿಂದ ಒಂದು ಅಡಿ ದೂರಕ್ಕೆ ಹಾರೆ ಹಾಕಿ ಮಣ್ಣು ಸಡಿಲಿಸಿ, ಗೆಡ್ಡೆಯನ್ನು ಅಲ್ಲೇ ಬಿಟ್ಟಿರಬೇಕು. ಆಮೇಲೆ ಮಕ್ಕಳು ಬರಿಗೈಯಲ್ಲೇ ಕೆದಕಿ ತೆಗೆಯುತ್ತಾರೆ. ಅವರಿಗೆ ಅದು ನಿಧಿ ಸಿಕ್ಕಿದ ಹಾಗೆ. ಕತ್ತಿ, ಕತ್ತರಿ ಯಾರ ಕೈಗೂ ಬೇಡ.

ಅಂದು ಬೆಳಗ್ಗೆ ಇಡ್ಲಿಯಂಥ ಹಗುರ ತಿಂಡಿ, ಹೊರಡಲು ಒಂದೂವರೆ ಗಂಟೆ ಮೊದಲೇ. ನಮ್ಮ ತಿರುವು ರಸ್ತೆಗಳಲ್ಲಿ ಹೊಟ್ಟೆ ತುಂಬಿದ ಮಗು ವಾಂತಿ ಮಾಡದೆ ಇರುವುದು ಅಪರೂಪ. ಪ್ಲಾಸ್ಟಿಕ್ ಕವರ್ ಕೈಗೆ ಸಿಗುವಲ್ಲಿ ಇಟ್ಟುಕೊಳ್ಳಿ. ತುಂಬು ತೋಳಿನ ಅಂಗಿ, ಉದ್ದ ಪ್ಯಾಂಟ್, ಶೂ, ಟೋಪಿ. ಗದ್ದೆಗೆ ಹತ್ತು ಗಂಟೆಗೆ ಇಳಿದು ಹನ್ನೊಂದೂವರೆಗೆ ಮೇಲೆ ಬನ್ನಿ. ಮಂಜಿನಲ್ಲಿ ಒದ್ದೆಯಾದ ಬೀನ್ಸ್ ಗಿಡಗಳ ನಡುವೆ ಓಡಾಡಿದರೆ ತುಕ್ಕು ರೋಗ ಗಿಡದಿಂದ ಗಿಡಕ್ಕೆ ಹರಡುತ್ತದೆ. ಮುಂದಿನ ವರ್ಷ ಕರೆಯುವವರಿರುವುದಿಲ್ಲ.

ನಾಲ್ಕು ಮಕ್ಕಳಿಗೆ ಒಬ್ಬ ದೊಡ್ಡವರು, ಅವರಿಗೊಂದು ಸಾಲು. ಮೊದಲು ನೀವೇ ಒಂದು ಕಿತ್ತು ತೋರಿಸಿ. ಮೂಲಂಗಿಯನ್ನು ಎಲೆಯ ತುದಿಯಲ್ಲಲ್ಲ, ಬುಡದಲ್ಲಿ ಹಿಡಿದು, ಅತ್ತಿತ್ತ ಅಲ್ಲಾಡಿಸಿ ಎಳೆಯಬೇಕು. ಬೀನ್ಸ್ ಕೀಳುವಾಗ ಒಂದು ಕೈ ಗಿಡ ಹಿಡಿದಿರಲಿ, ಇನ್ನೊಂದು ಕೈ ಕಾಯಿ ಕೀಳಲಿ. ಒಂದೇ ಕೈಯಲ್ಲಿ ಎಳೆದರೆ ಬೇರು ಸಮೇತ ಬರುತ್ತದೆ. ಟೊಮೆಟೊ ಮಾತ್ರ 'ಕೆಂಪಗಿರುವುದು' ಎಂದರೆ ಸಾಕು, ಆದರೂ ನಾಲ್ಕು ಹಸಿರು ಕಾಯಿ ಬುಟ್ಟಿಗೆ ಬಿದ್ದೇ ಬೀಳುತ್ತವೆ. ಒಬ್ಬೊಬ್ಬರಿಗೆ ಎರಡು ಮೂಲಂಗಿ, ಎರಡು ಟೊಮೆಟೊ, ಒಂದು ಗೆಣಸು. ಅದಕ್ಕಿಂತ ಹೆಚ್ಚಾದರೆ ಚೀಲ ನೀವೇ ಹೊರಬೇಕು. ಅಂಚಿನ ಕಾಫಿ ಗಿಡಗಳಲ್ಲಿ ಚಿಗಳಿ (ಕಚ್ಚುವ ಕೆಂಪಿರುವೆ) ಗೂಡಿರುತ್ತದೆ, ಒರಗಿ ನಿಲ್ಲಲು ಬಿಡಬೇಡಿ.

ಇಪ್ಪತ್ತು ಲೀಟರಿನ ನಲ್ಲಿ ಕ್ಯಾನ್ ಒಂದು, ಸೋಪು ಎರಡು ಇರಲಿ. ಕೈ ತೊಳೆಯದೆ ತಿಂಡಿ ಡಬ್ಬಿ ತೆರೆಯುವಂತಿಲ್ಲ. ಕಿತ್ತದ್ದನ್ನು ತೂಗಿ ಅಂದಿನ ದರ ಕೊಡಿ, ತುಳಿದು ಹಾಳಾದ ಗಿಡಗಳಿಗೂ ಸೇರಿಸಿ ಕೊಡಿ.

ಹಸಿ ಮೂಲಂಗಿಯ ತುಂಡು ಗಂಟಲಿಗೆ ಸಿಕ್ಕಿಕೊಳ್ಳಬಹುದು, ತುರಿದೇ ಕೊಡಿ. ಗೆಣಸನ್ನು ಆ ದಿನವೇ ಬೇಯಿಸಿದರೆ ಸಪ್ಪೆ. ವಾರದ ಮೇಲೆ ಸಿಹಿಯಾಗುತ್ತದೆ. ಕೀಳುವಾಗ ಒಡೆದದ್ದು, ಉಗುರು ತಾಗಿ ಗಾಯವಾದದ್ದು ಮಾತ್ರ ಇಟ್ಟರೆ ಕೊಳೆಯುತ್ತದೆ. ಅದನ್ನು ಬೇರೆ ಮಾಡಿ ಅಂದೇ ಒಲೆಗೇರಿಸಿ.