ವಿಂಡೋಸ್ ಮರುಸ್ಥಾಪನೆ: ನಿಮ್ಮ ಕಡತಗಳನ್ನು ಉಳಿಸಿಕೊಳ್ಳುವ ಕ್ರಮ

ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರ್ ಪದೇ ಪದೇ ಸ್ಥಗಿತಗೊಳ್ಳುತ್ತಿದ್ದರೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡದೆಯೇ ವಿಂಡೋಸನ್ನು ಹೊಸದಾಗಿ ಸ್ಥಾಪಿಸಿಕೊಳ್ಳಬಹುದು. ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಲ್ಲಿ ‘ರೀಸೆಟ್ ದಿಸ್ ಪಿಸಿ’ ತೆರೆದು ‘ಕೀಪ್ ಮೈ ಫೈಲ್ಸ್’ ಆರಿಸಿದರೆ, ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳಲ್ಲಿರುವ ಕಡತಗಳು ಉಳಿಯುತ್ತವೆ. ಆದರೆ ನೀವು ಹಾಕಿಕೊಂಡ ತಂತ್ರಾಂಶಗಳು ಅಳಿಸಿಹೋಗುತ್ತವೆ. ಅವೂ ಉಳಿಯಬೇಕಿದ್ದರೆ, ಚಾಲನೆಯಲ್ಲಿರುವ ವಿಂಡೋಸ್‌ನ ಒಳಗಿನಿಂದಲೇ ಮೈಕ್ರೋಸಾಫ್ಟ್ ಒದಗಿಸುವ ಐಎಸ್‌ಒ ಕಡತದ (ವಿಂಡೋಸ್ ಸ್ಥಾಪನೆಗೆ ಬೇಕಾದುದೆಲ್ಲ ಅಡಕವಾಗಿರುವ ಒಂದೇ ಕಡತ) ಸೆಟಪ್ ನಡೆಸಿ, ಕಡತ ಮತ್ತು ಆ್ಯಪ್‌ಗಳೆರಡನ್ನೂ ಉಳಿಸುವ ಆಯ್ಕೆಯನ್ನು ಗುರುತಿಸಿ. ನನ್ನ ದೃಷ್ಟಿಯಲ್ಲಿ ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ.

ಯಾವ ದಾರಿ ಹಿಡಿದರೂ, ದಯವಿಟ್ಟು ಬ್ಯಾಕಪ್ ಇಲ್ಲದೆ ಕೈಹಾಕಬೇಡಿ. ನಡುವೆ ವಿದ್ಯುತ್ ಹೋದರೆ ಅಥವಾ ಡಿಸ್ಕೇ ದುರ್ಬಲವಾಗಿದ್ದರೆ ಯಾವ ಆಯ್ಕೆಯೂ ರಕ್ಷಣೆಗೆ ಬರುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕಿಗೆ ನಕಲಿಸಿದ ಮೇಲೆ, ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಲ್ಲಿ, ಕೆಲವು ಕಡತಗಳನ್ನು ನಿಜಕ್ಕೂ ತೆರೆದು ನೋಡಿ. ಬ್ರೌಸರ್‌ನ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು, ಔಟ್‌ಲುಕ್‌ನ ಪಿಎಸ್‌ಟಿ ಕಡತಗಳು (ಇಮೇಲ್‌ಗಳನ್ನು ಕೂಡಿಡುವಂಥವು), ಲೆಕ್ಕಪತ್ರದ ತಂತ್ರಾಂಶವು ತನ್ನದೇ ಫೋಲ್ಡರಿನಲ್ಲಿ ಇಟ್ಟಿರಬಹುದಾದ ದತ್ತಾಂಶ, ಇವು ಸಾಮಾನ್ಯವಾಗಿ ಮರೆತುಹೋಗುವಂಥವು. ಬಿಟ್‌ಲಾಕರ್ (ಡಿಸ್ಕಿನ ದತ್ತಾಂಶಕ್ಕೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಸಕ್ರಿಯವಾಗಿದ್ದರೆ ಅದರ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಲಾಕ್ ಆದ ಡಿಸ್ಕಿನಿಂದ ಏನನ್ನೂ ಮರಳಿ ಪಡೆಯಲಾಗದು.

ವಿಂಡೋಸ್ ತೆರೆಯದೆ ಪೆನ್‌ಡ್ರೈವ್‌ನಿಂದಲೇ ಸ್ಥಾಪಿಸಬೇಕಾಗಿ ಬಂದರೆ, ಪಾರ್ಟಿಶನ್‌ಗಳ (ಡಿಸ್ಕಿನ ಭಾಗಗಳ) ಪಟ್ಟಿಯಲ್ಲಿ ‘ಡಿಲೀಟ್’ ಅಥವಾ ‘ಫಾರ್ಮ್ಯಾಟ್’ ಒತ್ತದೆ ಹಳೆಯ ಪಾರ್ಟಿಶನ್‌ ಅನ್ನೇ ಆರಿಸಿ. ಆಗ ಹಿಂದಿನ ಕಡತಗಳು ‘ವಿಂಡೋಸ್.ಓಲ್ಡ್’ ಎಂಬ ಫೋಲ್ಡರಿಗೆ ಸೇರುತ್ತವೆ. ಕೆಲ ದಿನಗಳ ನಂತರ ಅದು ತಾನಾಗಿಯೇ ಅಳಿಸಿಹೋಗಬಹುದಾದ ಕಾರಣ, ಬೇಕಾದದ್ದನ್ನು ಕೂಡಲೇ ಹೊರತೆಗೆದುಕೊಳ್ಳಿ.